ನಡುಕ ನಿಂತಾಗ

ಮಂಗಳವಾರ ಮಧ್ಯಾಹ್ನ ಎರಡು ಗಂಟೆ ಹನ್ನೆರಡು ನಿಮಿಷಕ್ಕೆ ನೂಲಗಟ್ಟಿಯ ಕಂಡಿಕಿ ಓಣಿಯ ಒಂದು ಮನೆಗೆ ಬೆಂಕಿ ಬಿದ್ದಿತು. ಗೋಡೆಯ ಮೇಲಿದ್ದ ಯಂತ್ರ ಹನ್ನೊಂದು ನಿಮಿಷ ಕೂಗಿತು. ಒಳಗೆ ಮಲಗಿದ್ದ ಫಕೀರವ್ವ ಮತ್ತು ಅವಳ ಗಂಡ ಮಲ್ಲೇಶಪ್ಪ ಸತ್ತರು. ಬೆಂಕಿ ಆರಿಸುವ ಗಾಡಿ ಮೂವತ್ತೊಂಬತ್ತನೆಯ ನಿಮಿಷಕ್ಕೆ ಬಂತು. ವರದಿಯಲ್ಲಿ ಹೀಗೆ ಬರೆದರು: ಯಂತ್ರ ಸರಿಯಾಗಿ ಕೆಲಸ ಮಾಡಿದೆ. ನಿವಾಸಿಗಳು ಉತ್ತರಿಸಲಿಲ್ಲ. ಮನೆ ಖಾಲಿ.

ಆ ಯಂತ್ರಕ್ಕೆ ಗೃಹರಕ್ಷಾ ನಿಗಮ ಇಟ್ಟ ಹೆಸರು ಗೃಹಪಾಲ. ನೂಲಗಟ್ಟಿಯ ಮಂದಿ ಕರೆಯುತ್ತಿದ್ದದ್ದು ಗೂಬಿ ಎಂದು. ಅಂಗೈಯಗಲದ ದುಂಡು ಮುಖ, ಎರಡು ಕಣ್ಣು, ಕೆಳಗೊಂದು ಜಾಲರಿಯ ಬಾಯಿ. ಒಂದು ಕಣ್ಣಿನ ಹಿಂದೆ ಕೂದಲೆಳೆಯಷ್ಟು ತೆಳುವಾದ ಬೆಳಕಿನ ಗೆರೆ ಸದಾ ಹರಿಯುತ್ತಿರುತ್ತದೆ. ಹೊಗೆ ಬಂದು ಆ ಗೆರೆಯನ್ನು ಮಸುಕು ಮಾಡಿದರೆ ಗೂಬಿಗೆ ಬೆಂಕಿಯ ಸುಳಿವು ಹತ್ತುತ್ತದೆ. ಆಗ ಅದು ಕಿವಿಯ ತಮಟೆ ಹರಿಯುವಂತೆ ಕೂಗುತ್ತದೆ. ಕೂಗಿನ ನಡುನಡುವೆ ಕೇಳುತ್ತದೆ: “ಒಳಗೆ ಯಾರಿದ್ದೀರಿ? ಉತ್ತರಿಸಿ.” ತೊಂಬತ್ತು ಸೆಕೆಂಡು ಕಾಯುತ್ತದೆ. ಮನುಷ್ಯರ ದನಿ ಬಿದ್ದರೆ ‘ಮಂದಿ ಇದ್ದಾರೆ’ ಎಂದು ಕಂಟ್ರೋಲ್ ರೂಮಿಗೆ ತಿಳಿಸುತ್ತದೆ, ಹತ್ತಿರದ ಗಾಡಿ ಆಗಿಂದಾಗಲೇ ಹೊರಡುತ್ತದೆ. ದನಿ ಬೀಳದಿದ್ದರೆ ‘ಮನೆ ಖಾಲಿ’. ಖಾಲಿ ಮನೆಗೆ ಎರಡನೆಯ ಸಾಲು. ಗಾಡಿ ಬಿಡುವಾದಾಗ ಹೋದರಾಯಿತು.

ಇದನ್ನು ಮಾಡಿದವರು ದಡ್ಡರಲ್ಲ. ಬೇಸಿಗೆ ಏಳು ತಿಂಗಳಿಗೆ ಹಿಗ್ಗಿದ ಕಾಲ ಅದು. ಜಿಲ್ಲೆಯಲ್ಲಿ ದಿನಕ್ಕೆ ನಲವತ್ತು ಕಡೆ ಬೆಂಕಿ, ಇದ್ದ ಗಾಡಿಗಳು ಒಂಬತ್ತು. ಜೀವ ಇದ್ದಲ್ಲಿಗೆ ಮೊದಲು ಹೋಗಬೇಕು ಎನ್ನುವುದು ನ್ಯಾಯವೇ. ಆದರೆ ಜೀವ ಇದೆ ಎನ್ನುವುದಕ್ಕೆ ಗುರುತು ಏನು ಎಂದು ತೀರ್ಮಾನಿಸಿದ ದಿನ ಆ ಮೇಜಿನ ಸುತ್ತ ಕೂತಿದ್ದವರೆಲ್ಲ ಕಿವಿ ಕೇಳುವವರೇ ಆಗಿದ್ದರು.

ಕಂಟ್ರೋಲ್ ರೂಮಿನ ಮೂರನೆಯ ಮೇಜು ದಾನೇಶ್ವರಿಯದು. ಕಂಡಿಕಿ ಓಣಿಯ ತಂಗೆವ್ವನ ಮಗಳು. ಹಾಸ್ಟೆಲಿನಲ್ಲಿದ್ದು ಡಿಪ್ಲೊಮಾ ಮುಗಿಸಿ, ಗುಡ್ಡದ ಮೇಲಿನ ಗಾಜಿನ ಕಟ್ಟಡದಲ್ಲಿ ಕುರ್ಚಿ ಹಿಡಿದ ಓಣಿಯ ಮೊದಲ ಹೆಣ್ಣು. ಆ ಕುರ್ಚಿಯ ಎದುರಿನ ಪರದೆಯಲ್ಲಿ ಮನೆಗಳಿಗೆ ಓಣಿಯಿಲ್ಲ, ಹೆಸರಿಲ್ಲ, ಸಂಖ್ಯೆ ಮಾತ್ರ. ಆ ಮಂಗಳವಾರ 4417 ಎಂಬ ಸಾಲು ಕೆಂಪಾಯಿತು, ತೊಂಬತ್ತು ಎಣಿಸಿತು, ಬೂದು ಬಣ್ಣಕ್ಕೆ ತಿರುಗಿತು. ‘ಮನೆ ಖಾಲಿ. ಒಪ್ಪಿದೆಯೇ?’ ಯಂತ್ರದ ಮಾತಿಗೆ ಮನುಷ್ಯರ ಹೆಬ್ಬೆಟ್ಟು ಬೀಳಬೇಕು ಎಂಬುದು ನಿಯಮ. ಅವಳು ಹೆಬ್ಬೆಟ್ಟು ಒತ್ತಿದಳು. ಅದು ಆ ದಿನದ ಹದಿನಾಲ್ಕನೆಯ ಒತ್ತು. ಒತ್ತಿ, ಆರಿದ ಚಹಾ ಕುಡಿದಳು.

ಸಂಜೆ ಬಸ್ಸಿಳಿದು ಓಣಿಗೆ ಕಾಲಿಟ್ಟಾಗ ಸುಟ್ಟ ನೂಲಿನ ವಾಸನೆ ಮೂಗಿಗೆ ಬಡಿಯಿತು. ಫಕೀರವ್ವನ ಮನೆಯ ಬಾಗಿಲಿಗೆ ನಿಗಮದ ಚೀಟಿ ಅಂಟಿಸಿದ್ದರು. ಚೀಟಿಯ ಮೇಲೆ ದಪ್ಪ ಅಕ್ಷರದಲ್ಲಿ 4417 ಎಂದಿತ್ತು.

ಕಂಡಿಕಿ ಓಣಿಯಲ್ಲಿ ಸುಟ್ಟದ್ದನ್ನು ಬಿಟ್ಟರೆ ಅರವತ್ಮೂರು ಮನೆ, ಮನೆಗೆ ಎರಡೋ ನಾಲ್ಕೋ ವಿದ್ಯುತ್ ಮಗ್ಗ. ಮುಂದಿನ ಪಡಸಾಲೆಯಲ್ಲಿ ಮಗ್ಗ, ಹಿಂದಿನ ಕೋಣೆಯಲ್ಲಿ ಒಲೆ, ನಡುವಿನಲ್ಲಿ ಮಂಚ. ರಾತ್ರಿ ಪಾಳಿ ಮಾಡಿದವರು ಹಗಲು ಮಲಗುತ್ತಾರೆ, ಹಗಲು ಪಾಳಿಯವರು ಅವರ ತಲೆದೆಸೆಯಲ್ಲೇ ಮಗ್ಗ ಓಡಿಸುತ್ತಾರೆ. ನಿಮಿಷಕ್ಕೆ ನೂರಿಪ್ಪತ್ತು ಸಲ ಲಾಳಿ ಈ ಕಡೆಯಿಂದ ಆ ಕಡೆಗೆ ಬಡಿಯುತ್ತದೆ. ಹತ್ತು ವರ್ಷಕ್ಕೆ ಪಿಸುಮಾತು ಹೋಗುತ್ತದೆ, ಇಪ್ಪತ್ತು ವರ್ಷಕ್ಕೆ ಮಕ್ಕಳ ದನಿ, ಮೂವತ್ತಕ್ಕೆ ಬಸ್ಸಿನ ಹಾರನ್ನು. ಊರಿಗೆಲ್ಲ ಉಡಲು ಕೊಟ್ಟ ಓಣಿ ಅದಕ್ಕೆ ಕಟ್ಟಿದ ತೆರಿಗೆ ಇದು. ಯಾವ ಕಾಗದದಲ್ಲೂ ಅದರ ಗುರುತಿಲ್ಲ.

ಮಾತು ಹೋದಲ್ಲಿ ಕೈ ಬಂದಿತ್ತು. ಹೆಬ್ಬೆರಳು ತೋರುಬೆರಳು ಕೂಡಿಸಿ ಬಿಡಿಸಿದರೆ ಎಳೆ ಹರಿದಿದೆ ಎಂದು. ಅಂಗೈಯಿಂದ ಎದೆಯನ್ನು ಎರಡು ಸಲ ಬಡಿದರೆ ‘ನಾ ಇಲ್ಲೇ ಅದೀನಿ’ ಎಂದು. ಮಗ್ಗ ಬಿಟ್ಟು ಎಲ್ಲಿಯೂ ಹೋಗಿಲ್ಲ ಎಂದು ದೂರದಿಂದಲೇ ತೋರಿಸುವ ಸನ್ನೆ. ದಾನೇಶ್ವರಿ ಬಾಯಿಮಾತು ಕಲಿಯುವ ಮೊದಲೇ ಇವನ್ನು ಕಲಿತಿದ್ದಳು.

ಮಣ್ಣು ಮಾಡಿ ಬಂದ ಮೇಲೆ ತಂಗೆವ್ವ ಜಗುಲಿಯ ಮೇಲೆ ಕೂತು, ತನ್ನ ದನಿ ತನಗೇ ಕೇಳದವರು ಮಾತಾಡುವಷ್ಟು ಜೋರಾಗಿ ಹೇಳಿದಳು: “ಗೂಬಿ ಹನ್ನೊಂದ ಮಿಂಟ ಕೂಗ್ತಂತ. ಯಾರಿಗೆ ಕೂಗ್ತು ಅದು? ಗ್ವಾಡಿಗೆ?”

ಎದುರು ಮನೆಯ ಮೌಲಾಸಾಬ ಕೈಯಾಡಿಸಿದ. ಅವನು ಓಣಿಯ ಜಾಬರ್. ಮಗ್ಗ ಕೆಟ್ಟರೆ ಬಿಚ್ಚಿ ಕಟ್ಟುವವನು. “ಪುಣ್ಯೇಕ್ ಗೂಬಿ ಸುಟ್ಟಿಲ್ಲ, ತಂಗೆಕ್ಕಾ. ತೊಳದ ಇಟ್ಟಾರ. ಮುಂದಿನ ಮನಿಗೆ ಹಚ್ಚತಾರಂತ.”

ದಾನೇಶ್ವರಿ ತಾಯಿಯ ಮುಂದೆ ಕೂತು ಹೆಬ್ಬೆರಳನ್ನು ನೆಲಕ್ಕೆ ಒತ್ತಿ ತೋರಿಸಿದಳು. ಆಮೇಲೆ ಆ ಬೆರಳನ್ನು ಸುಟ್ಟ ಮನೆಯ ಕಡೆಗೆ ತಿರುಗಿಸಿದಳು. ಆಮೇಲೆ ತನ್ನ ಎದೆಗೆ ಮುಟ್ಟಿಸಿದಳು.

ತಂಗೆವ್ವ ಆ ಬೆರಳನ್ನು ಹಿಡಿದು ನೋಡಿದಳು. “ನಿಯಮ ನೀ ಮಾಡಿದ್ದಲ್ಲ,” ಅಂದಳು. “ಆದರ ಒತ್ತಿದಾಕಿ ನೀನ. ಅಳಬ್ಯಾಡ. ಅತ್ತರ ಫಕೀರಿ ಎದ್ದ ಬರಂಗಿಲ್ಲ. ಮುಂದ ಏನ ಮಾಡ್ತಿ, ಅದನ್ನ ಹೇಳ.”

ಮರುದಿನವೇ ಅವಳು ನಿಯಂತ್ರಣಾಧಿಕಾರಿ ಪ್ರಭಂಜನರ ಕೋಣೆಗೆ ಹೋದಳು. ಮೈಸೂರಿನ ಕಡೆಯ ಮನುಷ್ಯ, ಯಾರನ್ನೂ ಏಕವಚನದಲ್ಲಿ ಕರೆದವರಲ್ಲ. ಕಿವಿ ಕೇಳದವರ ಮನೆಗೆ ಬೇರೆ ಬಗೆಯ ಎಚ್ಚರಿಕೆ ಬೇಕು, ಉತ್ತರ ಬಾರದ ಮನೆಯನ್ನು ಖಾಲಿ ಎನ್ನುವುದು ನಿಲ್ಲಬೇಕು ಎಂದು ಬರೆದುಕೊಂಡು ಹೋದದ್ದನ್ನು ಮುಂದಿಟ್ಟಳು. ಅವರು ಪೂರ್ತಿ ಓದಿದರು.

“ನೂರಕ್ಕೆ ತೊಂಬತ್ತೆಂಟು ಮನೆಗಳಲ್ಲಿ ಗೃಹಪಾಲ ಸರಿಯಾಗಿ ಕೆಲಸ ಮಾಡ್ತಿದೆ, ದಾನೇಶ್ವರಿಯವರೇ.”

“ಉಳದ ಎರಡು ನಮ್ಮ ಓಣ್ಯಾಗ ಅದಾವ್ರಿ ಸರ್.”

“ಗೊತ್ತು. ಶ್ರವಣದೋಷ ಇರುವವರಿಗೆ ಪ್ರತ್ಯೇಕ ಯೋಜನೆ ತಯಾರಾಗ್ತಿದೆ. ಸ್ವಲ್ಪ ತಾಳ್ಮೆ ಇರಲಿ.”

ತಾಳ್ಮೆ ಬೆಂಕಿಗೆ ಇರುವುದಿಲ್ಲ. ಅವಳು ಆ ವಾರವೇ ಕೆಲಸ ಶುರು ಮಾಡಿದಳು. ನಿಗಮದ ಹಿಂದಿನ ಶೆಡ್ಡಿನಲ್ಲಿ ಗಂಟಲು ಕೆಟ್ಟ ಗೂಬಿಗಳನ್ನು ಗುಡ್ಡೆ ಹಾಕಿದ್ದರು. ಗುಜರಿಗೆ ಹೋಗುವವು. ಅದರಿಂದ ಒಂದು ಚೀಲ ಹೊತ್ತು ತಂದಳು. ಕಣ್ಣು ಇಟ್ಟುಕೊಂಡು ಗಂಟಲು ಬಿಸಾಡಿದಳು. ದೀಪ ಮಿನುಗಿಸಿದರೆ ಹೇಗೆ ಎಂದು ಮೊದಲು ಯೋಚಿಸಿದ್ದಳು. ಆದರೆ ಹಗಲು ಮಲಗುವವರು ಬೆಳಕಿಗೆ ಹೆದರಿ ಮುಖದ ತುಂಬ ಕೌದಿ ಎಳೆದುಕೊಂಡೇ ಮಲಗುತ್ತಾರೆ. ಹಾಗಾಗಿ ಮೈಗೆ ಹೇಳುವ ಯಂತ್ರ ಬೇಕು. ಹಳೆಯ ಹೊಲಿಗೆ ಮೋಟಾರಿನ ಅಚ್ಚಿಗೆ ಒಂದು ಬದಿ ಮಾತ್ರ ಭಾರ ಇರುವ ಕಬ್ಬಿಣದ ತುಂಡು ಸಿಕ್ಕಿಸಿ, ಮೋಟಾರನ್ನು ಹಲಗೆಗೆ ಬಿಗಿದು, ಹಲಗೆಯನ್ನು ತಾಯಿಯ ಮಂಚದ ಕಾಲಿನ ಕೆಳಗೆ ಇಟ್ಟಳು. ಹೊಗೆ ಬಂದರೆ ಮೋಟಾರು ತಿರುಗುತ್ತದೆ, ಮಂಚ ಗಡಗಡ ನಡುಗುತ್ತದೆ.

ಭಾನುವಾರ ಮಧ್ಯಾಹ್ನ ತಂಗೆವ್ವ ಪಾಳಿ ಮುಗಿಸಿ ಮಲಗಿ ಗೊರಕೆ ಹಿಡಿದ ಮೇಲೆ ದಾನೇಶ್ವರಿ ಹಳೆಯ ಬಟ್ಟೆಗೆ ಕಿಡಿ ಹಚ್ಚಿ ಗೂಬಿಯ ಕಣ್ಣಿನ ಮುಂದೆ ಹಿಡಿದಳು. ಮಂಚ ನಡುಗಿತು. ತಂಗೆವ್ವ ಕೌದಿಯೊಳಗೆ ಒಮ್ಮೆ ಮಗ್ಗುಲಾದಳು, ಮೊಣಕಾಲನ್ನು ಎದೆಗೆ ಎಳೆದುಕೊಂಡಳು, ಇನ್ನೂ ಗಾಢವಾಗಿ ಗೊರಕೆ ಹೊಡೆದಳು. ಮೋಟಾರಿನ ವೇಗ ಹೆಚ್ಚಿಸಿದಳು. ಗೊರಕೆಯೂ ಹೆಚ್ಚಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮೌಲಾಸಾಬ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕೂತ.

“ಎಬ್ಬಸೂ ಯಂತ್ರ ಮಾಡ್ತೀನಿ ಅಂದಿ. ಜೋಗುಳ ಹಾಡೂ ಯಂತ್ರ ಮಾಡೀಯಲ್ಲ ದಾನವ್ವ.”

ಅಷ್ಟರಲ್ಲಿ ಕರೆಂಟು ಹೋಯಿತು. ಹಲಗೆ ನಿಂತಿತು, ಪಡಸಾಲೆಯ ಮಗ್ಗ ನಿಂತಿತು, ಆಚೀಚೆ ಮನೆಗಳ ಮಗ್ಗ ನಿಂತವು. ತಂಗೆವ್ವ ಕೌದಿ ಒದ್ದು ದಡಕ್ಕನೆ ಎದ್ದು ಕೂತಳು.

“ಯಾಕ? ಏನಾತು?”

ದಾನೇಶ್ವರಿ ಕೈಯಲ್ಲಿ ಹೊಗೆಯಾಡುವ ಬಟ್ಟೆ ಹಿಡಿದು ನಿಂತೇ ಇದ್ದಳು.

“ಯಾಕ ಎದ್ದಿ ಯವ್ವ?” ಎಂದು ತುಟಿಯಲ್ಲಿ ಕೇಳಿದಳು.

“ಅಯ್ಯ, ಕರೆಂಟ ಹೋತಲ್ಲ. ನೆಲ ಸತ್ತಂಗ ಆತು. ಮಗ್ಗ ನಿಂತರ ಯಾರಿಗೆ ನಿದ್ದಿ ಬರತೈತಿ?” ತಂಗೆವ್ವ ಹೊರಗೆ ಕೈ ಮಾಡಿದಳು. “ನೋಡ ಬಾ, ಓಣಿ ಓಣೀನ ಎದ್ದ ಕುಂತಿರತೈತಿ. ನಮ್ಮ ಓಣ್ಯಾಗ ಕರೆಂಟ ಹೋದ್ರ ಹೆಣಾನೂ ಎದ್ದ ಕುಂಡ್ರತಾವ.”

ನಿಜವೇ. ಮಂದಿ ಒಬ್ಬೊಬ್ಬರಾಗಿ ಕಣ್ಣು ಉಜ್ಜುತ್ತ ಜಗುಲಿಗೆ ಬಂದಿದ್ದರು. ದಾನೇಶ್ವರಿ ಹುಟ್ಟಿದಾಗಿನಿಂದ ಕಂಡದ್ದೇ. ಅಮಾವಾಸ್ಯೆಯ ರಜೆಯ ದಿನ ಮಗ್ಗ ನಿಂತಿದ್ದರೆ ಅರ್ಧ ಓಣಿಗೆ ನಿದ್ದೆ ಹತ್ತುವುದಿಲ್ಲ ಎಂಬುದೂ ಗೊತ್ತಿದ್ದದ್ದೇ. ಗುಡ್ಡದ ಮೇಲೆ ಆರು ವರ್ಷ ಕೂತದ್ದರಿಂದ ಎಚ್ಚರಿಕೆ ಎಂದರೆ ಏನೋ ಒಂದು ಶುರುವಾಗಬೇಕು ಎಂದುಕೊಂಡಿದ್ದಳು. ಮೂವತ್ತು ವರ್ಷ ನಡುಗುವ ನೆಲದ ಮೇಲೆ ಮಲಗಿದವರಿಗೆ ನಡುಕವೇ ನಿದ್ದೆ, ನಿಲ್ಲುವುದೇ ಕರೆ. ಈ ಓಣಿಯ ಮಗಳು ಇದನ್ನು ಮರೆತಿದ್ದಳು.

ಆ ಸಂಜೆ ಮೌಲಾಸಾಬ ಮಗ್ಗದ ಹಿಂದೆ ಅವಳನ್ನು ಕೂರಿಸಿಕೊಂಡು ಒಂದು ತಗಡಿನ ಪಿನ್ನು ತೋರಿಸಿದ. ಉದ್ದಕ್ಕೆ ಹಾಯುವ ಹಾಸಿನ ಪ್ರತಿ ಎಳೆಗೂ ಅಂಥದೊಂದು ತೂಗಿರುತ್ತದೆ. ಎಳೆ ಬಿಗಿಯಾಗಿರುವ ತನಕ ಪಿನ್ನು ಮೇಲಿರುತ್ತದೆ. ಎಳೆ ಹರಿದರೆ ಪಿನ್ನು ಬೀಳುತ್ತದೆ. ಬಿದ್ದ ಪಿನ್ನು ಇಡೀ ಮಗ್ಗವನ್ನು ನಿಲ್ಲಿಸುತ್ತದೆ.

“ಎರಡ ಸಾವಿರ ಎಳಿಯಾಗ ಒಂದ ಹರದ್ರೂ ಮಗ್ಗ ಮುಂದ ಹೋಗೂದಿಲ್ಲ,” ಅಂದ. “ಮನಿ ಒಂದೊಂದ ಎಳಿ ಅಂತ ತಿಳಕೋ. ಓಣಿನ ಮಗ್ಗ. ಕಟ್ಟೂಣು.”

ಹಾಗೆಯೇ ಕಟ್ಟಿದರು. ಮನೆಮನೆಯ ಮಂಚದ ಕೆಳಗೆ ಒಂದು ಹಲಗೆ, ಮೆಲ್ಲಗೆ ಸದಾ ನಡುಗುವಂಥದ್ದು. ಸೂರಿನಲ್ಲಿ ಗೂಬಿಯ ಕಣ್ಣೊಂದು. ಎಲ್ಲ ಕಣ್ಣುಗಳನ್ನೂ ಒಂದೇ ತಂತಿಯಲ್ಲಿ ಪೋಣಿಸಿದರು. ಯಾವ ಮನೆಯಲ್ಲಿ ಹೊಗೆ ಕಂಡರೂ ತಂತಿ ಸತ್ತು ಇಡೀ ಓಣಿಯ ಹಲಗೆಗಳೂ ಮಗ್ಗಗಳೂ ಒಟ್ಟಿಗೆ ನಿಲ್ಲುತ್ತಿದ್ದವು. ಫಕೀರವ್ವನ ಮನೆ ಸುಡುವಾಗ ಪಕ್ಕದ ಮನೆಯ ಮಗ್ಗ ಅವಳ ನೆಲವನ್ನು ತೂಗುತ್ತಲೇ ಇತ್ತು. ಇನ್ನು ಹಾಗಾಗದು. ಗೂಬಿಯ ಗಂಟಲು ಕೆಟ್ಟರೆ ಅದು ಕೆಟ್ಟಿದ್ದು ಬೆಂಕಿ ಬೀಳುವ ತನಕ ಯಾರಿಗೂ ಗೊತ್ತಾಗುವುದಿಲ್ಲ. ಈ ಹಲಗೆ ಕೆಟ್ಟರೂ ಎಬ್ಬಿಸುತ್ತದೆ. ಮೋಟಾರು ಸುಟ್ಟರೆ ಎಬ್ಬಿಸುತ್ತದೆ, ಇಲಿ ತಂತಿ ಕಡಿದರೆ ಎಬ್ಬಿಸುತ್ತದೆ.

“ಕರೆಂಟ ಹೋದಾಗೆಲ್ಲ ಸುಳ್ಳ ಎಚ್ಚರಿಕಿ ಆಗತೈತಲ್ಲ ಯವ್ವ,” ಎಂದು ದಾನೇಶ್ವರಿ ಸಂಶಯಪಟ್ಟಾಗ ತಂಗೆವ್ವ ನಕ್ಕಳು. “ಹಂಗೂ ಏಳತೇವಿ, ಹಿಂಗೂ ಏಳತೇವಿ. ಎದ್ದಾಗ ಒಮ್ಮಿ ಮೂಗ ಏರಿಸಿ ಹೊಗಿ ಐತೇನ ನೋಡೂಣು. ಏನ ಗಂಟ ಹೋಗತೈತಿ?”

ಎರಡು ತಿಂಗಳ ನಂತರ ಮೌಲಾಸಾಬನ ಹಿತ್ತಲಿನಲ್ಲಿ ನೂಲಿಗೆ ಹಾಕುವ ಗಂಜಿ ಕುದಿಸುವಾಗ ಒಲೆಯ ಉರಿ ಹತ್ತಿಯ ಮೂಟೆಗೆ ತಾಗಿತು. ಓಣಿ ನಿಂತಿತು. ನಲವತ್ತು ಎಣಿಸುವುದರೊಳಗೆ ಅರವತ್ಮೂರು ಮನೆಗಳ ಮಂದಿ ಬೀದಿಯಲ್ಲಿದ್ದರು, ಕೈಕೈಗೆ ಕೊಡ ಬಂದಿದ್ದವು. ಬೆಂಕಿ ಆರಿಸಿ, ಮೌಲಾಸಾಬನ ಸುಟ್ಟ ಗಡ್ಡಕ್ಕೆ ನಕ್ಕು, ಚಹಾ ಇಟ್ಟರು. ಐವತ್ತು ನಿಮಿಷದ ನಂತರ ಗಾಡಿ ಬಂತು. ಗೂಬಿ ಆ ಮನೆಯನ್ನೂ ಖಾಲಿ ಎಂದು ಬರೆದಿತ್ತು, ಬೇರೆ ಮೇಜಿನವರು ಹೆಬ್ಬೆಟ್ಟು ಒತ್ತಿದ್ದರು. ಗಾಡಿಯ ಜೊತೆ ಬಂದ ಇನ್‌ಸ್ಪೆಕ್ಟರು ಖಾಲಿ ಮನೆಯ ಜಗುಲಿಯಲ್ಲಿ ಹನ್ನೆರಡು ಜನ ಚಹಾ ಕುಡಿಯುವುದನ್ನು ನೋಡಿದ, ಮಂಚದ ಕೆಳಗೆ ಬಗ್ಗಿದ, ಹಲಗೆಯ ಫೋಟೋ ತೆಗೆದುಕೊಂಡು ಹೋದ.

ವಾರದೊಳಗೆ ಆ ಪ್ರತ್ಯೇಕ ಯೋಜನೆ ಬಂತು. ನಿಗಮದ ಜೀಪು ಓಣಿಯ ಬಾಯಲ್ಲಿ ನಿಂತು ಧ್ವನಿವರ್ಧಕದಲ್ಲಿ ಮೂರು ಸಲ ಸಾರಿತು. ಅನುಮತಿಯಿಲ್ಲದ ಯಂತ್ರಗಳನ್ನು ಕೂಡಲೇ ಕಿತ್ತುಹಾಕಬೇಕು. ಹಗಲಿರುಳು ಕಿವಿ ಕೇಳುವ ಒಬ್ಬ ಆಳು ಇಲ್ಲದ ಮನೆಯಲ್ಲಿ ಶ್ರವಣದೋಷ ಇರುವವರು ವಾಸಿಸಕೂಡದು. ಅಂಥವರಿಗೆ ಊರಾಚೆಯ ರಕ್ಷಣಾ ವಸತಿಯಲ್ಲಿ ಮಂಚ ಕೊಡಲಾಗುವುದು. ಅಲ್ಲಿಗೆ ಮಗ್ಗ ಒಯ್ಯುವಂತಿಲ್ಲ. ಆಕ್ಷೇಪ ಇದ್ದರೆ ಈಗಲೇ ಹೇಳಬೇಕು. ಕಿವುಡರ ಓಣಿಯಲ್ಲಿ ಮೈಕಿನಲ್ಲಿ ಸಾರಿ, ಐದು ನಿಮಿಷ ಕಾದು, ‘ಯಾರೂ ಆಕ್ಷೇಪಿಸಲಿಲ್ಲ’ ಎಂದು ಬರೆದುಕೊಂಡು ಜೀಪು ಹೋಯಿತು. ನಾಲ್ಕು ಮಂದಿ ಅದಕ್ಕೆ ಕೈ ಬೀಸಿ ಕಳಿಸಿದ್ದರು, ಪೋಲಿಯೊ ಹನಿಯ ಗಾಡಿ ಇರಬೇಕು ಎಂದುಕೊಂಡು.

ದಾನೇಶ್ವರಿ ಸಂಜೆ ನಿಗಮದಿಂದ ಆ ಆದೇಶದ ಕಾಗದ ತಂದು ಬಿಡಿಸಿ ಹೇಳಿದ ಮೇಲೆ ಅದು ಜಗುಲಿಯಿಂದ ಜಗುಲಿಗೆ ದಾಟಿತು. ನಲವತ್ತು ವರ್ಷ ನೇಯ್ದ ಕೈಗೆ ಮಗ್ಗ ಬಿಟ್ಟು ಮಂಚ ಕೊಡುತ್ತಾರಂತೆ.

“ನಮ್ಮ ಮನಿಗೆ ಈ ನಿಯಮ ಇಲ್ಲ ಯವ್ವ,” ಎಂದು ಅವಳು ಅರೆಮನಸ್ಸಿನಿಂದ ಹೇಳಿದಳು. “ನಾ ಅದೀನಲ್ಲ, ಕೇಳೂ ಆಳು. ಹೊತ್ತೆಲ್ಲ ಮನ್ಯಾಗ ಇರ್ತೀನಿ ಅಂತ ಬರಕೊಟ್ರ ನಮ್ಮನ್ನ ಬಿಡತಾರ.”

ತಂಗೆವ್ವ ಮಗಳ ಕಿವಿಯ ಓಲೆ ಹಿಡಿದು ಮೆತ್ತಗೆ ಎಳೆದಳು. “ಈ ಕಿವಿ ಇಟಗೊಂಡ ಆವತ್ತ ಎಲ್ಲಿ ಕುಂತಿದ್ದಿ? ಫಕೀರಿ ಮನಿ ಸುಡುವಾಗ ನಾ ಗ್ವಾಡಿ ಈಚಿಗೆ ಮಲಗಿದ್ದೆ, ನೀ ಗುಡ್ಡದ ಮ್ಯಾಲ. ಕೇಳೂ ಆಳ ನನ್ನ ಉಳಸಿಲ್ಲ. ಆ ಹಲಗಿ ಉಳಸತೈತಿ.” ಆಮೇಲೆ ಸುತ್ತ ನಿಂತಿದ್ದವರಿಗೆಲ್ಲ ಕಾಣುವಂತೆ ಅಂಗೈಯಿಂದ ಎದೆಯನ್ನು ಎರಡು ಸಲ ಬಡಿದಳು. ಅರವತ್ಮೂರು ಮನೆಯವರು ಹೆಸರು ಬರೆದು ಕಾಗದ ಕಳಿಸಿದರು: ನಾವು ಇಲ್ಲೇ ಇದ್ದೇವೆ, ಇಲ್ಲೇ ಇರುತ್ತೇವೆ.

ಕಾಗದಕ್ಕೆ ಉತ್ತರ ಬರಲಿಲ್ಲ.

ಹತ್ತನೆಯ ದಿನ, ಸೋಮವಾರ, ದಾನೇಶ್ವರಿ ಎಂದಿನಂತೆ ಫೋನನ್ನು ಬಾಗಿಲ ಬಳಿಯ ಲಾಕರಿನಲ್ಲಿಟ್ಟು ಮೂರನೆಯ ಮೇಜಿಗೆ ಹೋದಳು. ಮಧ್ಯಾಹ್ನ ಎರಡರ ಹೊತ್ತಿಗೆ ಪ್ರಭಂಜನ ಅವಳ ಕುರ್ಚಿಯ ಪಕ್ಕಕ್ಕೆ ಇನ್ನೊಂದು ಕುರ್ಚಿ ಎಳೆದುಕೊಂಡು ಕೂತರು. ಪರದೆಯ ಎಡಭಾಗದಲ್ಲಿ ಅರವತ್ಮೂರು ಸಾಲು ತೆರೆದವು. ಬಲಭಾಗದಲ್ಲಿ ಓಣಿಯ ಬಾಯಿಯ ಕಂಬದ ಮೇಲಿನ ಕ್ಯಾಮರಾದ ಚಿತ್ರ. ಖಾಲಿ ಬೀದಿ, ಒಣಗಲು ಹಾಕಿದ ನೂಲು, ನೆರಳಲ್ಲಿ ಮಲಗಿದ ನಾಯಿ. ಓಣಿಯ ಆಚೆ ತಿರುವಿನಲ್ಲಿ ಮನೆಗಳಿಗೆ ಬೀಗಮುದ್ರೆ ಹಾಕುವವರ ಎರಡು ಗಾಡಿ.

“ಒಂದು ಪರೀಕ್ಷೆ ಮಾಡ್ತಿದ್ದೀವಿ,” ಅಂದರು. “ಓಣಿಯ ಎಲ್ಲ ಗೃಹಪಾಲಗಳನ್ನೂ ಒಟ್ಟಿಗೆ ಕೂಗಿಸ್ತೀವಿ. ಉತ್ತರ ಬಂದ ಮನೆ ಬಿಡ್ತೀವಿ. ಬಾರದ್ದು ಖಾಲಿ.”

ಅವಳಿಗೆ ಅರ್ಥವಾಯಿತು. ಜನ ಇರುವ ಮನೆಗೆ ಬೀಗ ಹಾಕಲು ಕೋರ್ಟಿನ ಅಪ್ಪಣೆ ಬೇಕು. ಖಾಲಿ ಮನೆಗೆ ಬೇಡ.

“ಸರ್, ರಾತ್ರಿ ಪಾಳಿಯವರು ಮಲಗಿರೂ ಹೊತ್ತಿದು. ಉಳದವರು ಮಗ್ಗದ ಮುಂದ, ಮಕ್ಕಳು ಸಾಲ್ಯಾಗ ಅದಾರ. ಯಾರಿಗೂ ಕೇಳಂಗಿಲ್ಲ.”

“ಅದಕ್ಕೇ ಅವರು ಅಲ್ಲಿ ಇರಬಾರದು ಅಂತ ನಾನು ಹೇಳೋದು.” ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾದ ದಣಿವಿತ್ತು. “ನಾಳೆ ಇನ್ನೆರಡು ಹೆಣ ಬಿದ್ದರೆ ಹೊಣೆ ಯಾರು? ನಿಮ್ಮ ಹಲಗೆ ಹೊರುತ್ತದಾ? ಅದಕ್ಕೆ ಒಂದು ಮುದ್ರೆ ಇಲ್ಲ, ಒಂದು ಪರೀಕ್ಷೆ ಆಗಿಲ್ಲ.”

“ಆಗೇತ್ರಿ. ಮೌಲಾಕಾಕಾನ ಗಡ್ಡ ಸುಟ್ಟಾಗ.”

ಅವರು ನಗಲಿಲ್ಲ. “ಈ ಮೇಜಿಗೆ ನಿಮ್ಮನ್ನೇ ಯಾಕೆ ಕೂರಿಸಿದೆ ಗೊತ್ತಾ? ನೀವು ಆ ಓಣಿಯವರು. ನಿಮ್ಮ ಹೆಬ್ಬೆಟ್ಟು ಬಿದ್ದರೆ ನಾಳೆ ಯಾರೂ ಬಾಯಿ ಬಿಡಲ್ಲ. ನಿಮ್ಮ ಮನೆ ಸಾಲು ನಾನೇ ತೆಗೀತೀನಿ, ಚಿಂತೆ ಬೇಡ.” ಮೈಕಿನ ಕಡೆ ಬಾಗಿ ಹೇಳಿದರು: “ಮೊದಲು ಓಣಿಯ ಕರೆಂಟ್ ತೆಗೀರಿ. ಮುದ್ರೆ ಹಾಕೋ ಹುಡುಗರಿಗೆ ಆ ತಂತಿಗಳಿಂದ ಅಪಾಯ ಆಗಬಾರದು. ಗೃಹಪಾಲಕ್ಕೆ ಅದರದೇ ಬ್ಯಾಟರಿ ಇದೆ.”

ದಾನೇಶ್ವರಿ ಅವರ ಮುಖ ನೋಡಿದಳು. ಆರು ವರ್ಷದಲ್ಲಿ ಮೊದಲ ಸಲ ಅವಳಿಗೆ ಆ ಕುರ್ಚಿಯಲ್ಲಿ ಕೂತು ನಗು ಬಂತು.

“ಯಾಕೆ ನಗ್ತೀರಾ?”

“ಏನಿಲ್ರಿ ಸರ್. ಕರೆಂಟ ತಗೀರಿ.”

ತೆಗೆದರು. ಅರವತ್ಮೂರು ಗೂಬಿಗಳು ಒಟ್ಟಿಗೆ ಬಾಯಿ ತೆರೆದವು. ಕೂಗು ಕಂಟ್ರೋಲ್ ರೂಮಿನ ಸ್ಪೀಕರಿನಲ್ಲಿ ತೆಳ್ಳಗೆ ಕೇಳಿಸಿತು: “ಒಳಗೆ ಯಾರಿದ್ದೀರಿ? ಉತ್ತರಿಸಿ.” ಸಾಲುಗಳು ಕೆಂಪಾದವು. ತೊಂಬತ್ತು, ಎಂಬತ್ತೊಂಬತ್ತು, ಎಂಬತ್ತೆಂಟು.

ಎಂಬತ್ತರಲ್ಲಿ ನೆರಳಿನ ನಾಯಿ ತಲೆಯೆತ್ತಿತು. ಎಪ್ಪತ್ನಾಲ್ಕರಲ್ಲಿ ಒಂದು ಬಾಗಿಲು ತೆರೆಯಿತು. ಆಮೇಲೆ ಎಣಿಸಲು ಆಗಲಿಲ್ಲ. ಕೌದಿ ಹೊದ್ದವರು, ಹೆಗಲ ಮೇಲೆ ಹತ್ತಿಯ ನಾರು ಅಂಟಿದವರು, ಕೈಯಲ್ಲಿ ಲಾಳಿ ಹಿಡಿದವರು, ಮೂಗು ಏರಿಸಿ ಗಾಳಿ ನೋಡುತ್ತ, ಕೊಡ ಎತ್ತಿಕೊಂಡು, ಅಜ್ಜಿಯರನ್ನು ರಟ್ಟೆ ಹಿಡಿದು ನಡೆಸುತ್ತ ಹೊರಬಿದ್ದರು. ಐವತ್ತು ಎನ್ನುವಷ್ಟರಲ್ಲಿ ಬೀದಿ ತುಂಬಿತು. ಗೂಬಿಗಳು ಮನೆಯೊಳಗೆ ಖಾಲಿ ಮಂಚಗಳನ್ನು ಕೇಳುತ್ತಲೇ ಇದ್ದವು.

ಮೌಲಾಸಾಬ ತಿರುವಿನ ಗಾಡಿಗಳನ್ನು ಮೊದಲು ಕಂಡ. ಕೈಯೆತ್ತಿ ತೋರಿಸಿದ. ತಲೆಗಳು ಆ ಕಡೆ ತಿರುಗಿದವು, ಆಮೇಲೆ ಕಂಬದ ಮೇಲಿನ ಕ್ಯಾಮರಾದ ಕಡೆ. ತಂಗೆವ್ವ ಮುಂದೆ ಬಂದು ನಿಂತಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಅಂಗೈಯಿಂದ ಎದೆಯನ್ನು ಎರಡು ಸಲ ಬಡಿದಳು. ಪಕ್ಕದವಳು ಬಡಿದಳು. ಹಿಂದಿನವರು ಬಡಿದರು. ಚಿತ್ರಕ್ಕೆ ಸದ್ದಿರಲಿಲ್ಲ. ಇನ್ನೂರು ಅಂಗೈಗಳು ಏಳುವುದು, ಬೀಳುವುದು ಮಾತ್ರ ಕಂಡಿತು.

“ಏನು ಮಾಡ್ತಿದ್ದಾರೆ ಇವರು?” ಎಂದು ಪ್ರಭಂಜನ ಕೇಳಿದರು.

“ನಿಮ್ಮ ಪ್ರಶ್ನಿಗೆ ಉತ್ತರ ಕೊಡಾಕತ್ತಾರ್ರಿ.”

ಸಾಲುಗಳು ಸೊನ್ನೆ ಮುಟ್ಟಿ ಒಂದೊಂದಾಗಿ ಬೂದಾದವು. ಮನೆ ಖಾಲಿ. ಮನೆ ಖಾಲಿ. ಮನೆ ಖಾಲಿ. ಪರದೆಯ ಒಂದು ಬದಿಗೆ ಅರವತ್ಮೂರು ಖಾಲಿ ಮನೆ, ಇನ್ನೊಂದು ಬದಿಗೆ ಅವೇ ಮನೆಗಳ ಮುಂದೆ ನಿಂತ ಮಂದಿ. ಕೆಳಗೆ ಚೌಕದಲ್ಲಿ ಒಂದೇ ಪ್ರಶ್ನೆ ಮಿನುಗುತ್ತಿತ್ತು: ‘ಒಪ್ಪಿದೆಯೇ?’

ಪ್ರಭಂಜನ ಬಲಬದಿಯ ಚಿತ್ರವನ್ನು ಒಂದು ಕ್ಷಣ ನೋಡಿದರು. ಆಮೇಲೆ ಕೈ ಚಾಚಿ ಆ ಅರ್ಧ ಪರದೆಯನ್ನು ಆರಿಸಿದರು. ಎಡಬದಿಯ ಸಾಲುಗಳಷ್ಟೇ ಉಳಿದವು.

“ನಿಯಮದ ಪ್ರಕಾರ ಗೃಹಪಾಲ ಹೇಳಿದ್ದೇ ದಾಖಲೆ. ಒತ್ತಿ.”

“ಅವರು ಅಲ್ಲೇ ನಿಂತಾರ್ರಿ ಸರ್.”

“ದಾಖಲೆಯಲ್ಲಿ ಇಲ್ಲ. ಒತ್ತಿ, ದಾನೇಶ್ವರಿಯವರೇ. ಒತ್ತದೇ ಇದ್ದರೆ ಈ ಕುರ್ಚಿಗೆ ನಾಳೆ ನೀವು ಬರಬೇಕಾಗಿಲ್ಲ.”

ಪಕ್ಕದ ಮೇಜುಗಳಲ್ಲಿ ಬೆರಳುಗಳು ನಿಂತವು. ಅವಳು ತನ್ನ ಹೆಬ್ಬೆರಳನ್ನು ನೋಡಿಕೊಂಡಳು. 4417ಕ್ಕೆ ಬಿದ್ದದ್ದು ಇದೇ. ಅವತ್ತು ಇದಕ್ಕೆ ಏನೂ ಅನ್ನಿಸಿರಲಿಲ್ಲ.

“ಅವತ್ತ ಯಂತ್ರ ಹೇಳಿದ್ದ ಕೇಳಿದೆ,” ಅಂದಳು. “ಮನ್ಯಾಗ ಇಬ್ಬರು ಇದ್ದರು. ಇವತ್ತೂ ಅದಾರ.”

“ಒತ್ತಿ.”

ದಾನೇಶ್ವರಿ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿದಳು.

“ಒಲ್ಲೆರೀ,” ಅಂದಳು.